ಮರಳಿನ ಸೀಮೆಯಲ್ಲಿ ಹಿಡಿ ಜೇಡಿ

ಕೋಲಾರ ದಾಟಿ ಮುಳಬಾಗಿಲಿನ ಕಡೆ ಹೋಗುವ ಹೆದ್ದಾರಿಯನ್ನು ಅಗಲ ಮಾಡಿದಾಗ ಬದಿಯ ದಿಣ್ಣೆಗಳನ್ನು ಅಲ್ಲಲ್ಲಿ ಸೀಳಿದರು. ಆ ಸೀಳುಗಳಲ್ಲಿ ಈ ಸೀಮೆಯ ನೆಲ ಮೇಲಿನಿಂದ ಕೆಳಗಿನವರೆಗೆ ತೆರೆದುಕೊಂಡಿದೆ. ಮೇಲೆ ಗೇಣುದ್ದ ಮಸುಕು ಕೆಂಪಿನ ಮರಳು ಮಣ್ಣು. ಅದರಡಿಯಲ್ಲಿ ಬಿಳಿ ಬೆಣಚುಕಲ್ಲಿನ ಚೂರುಗಳ ಒಂದು ಸಾಲು, ಯಾರೋ ಕೂತು ಜೋಡಿಸಿದ ಹಾಗೆ. ಇನ್ನೂ ಕೆಳಗೆ ಕಡುಗೆಂಪು, ಜಿಗುಟು ಪದರ. ಅದಕ್ಕೂ ಕೆಳಗೆ ಮೂಲ ಬಂಡೆಯ ಗೆರೆಗಳನ್ನೆಲ್ಲ ಹಾಗೇ ಉಳಿಸಿಕೊಂಡಿದ್ದರೂ ಗುದ್ದಲಿ ಏಟಿಗೆ ಪುಡಿಯಾಗುವ ಶಿಥಿಲ ಶಿಲೆ. ಹುತ್ತೂರು ಹೋಬಳಿಯಿರಲಿ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಇರಲಿ, ದಿಣ್ಣೆ ಹೊಲವನ್ನು ಅಗೆದರೆ ಹೆಚ್ಚುಕಡಿಮೆ ಇದೇ ಕ್ರಮ ಸಿಗುತ್ತದೆ. ಬದಲಾಗುವುದು ಪದರಗಳ ದಪ್ಪ ಮಾತ್ರ.

ಈ ಮಣ್ಣಿನ ಬಗ್ಗೆ ಮಾತಾಡುವವರು ಹಲವರಿದ್ದಾರೆ, ಆದರೆ ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳುವುದಿಲ್ಲ. ಕೃಷಿ ವಿಜ್ಞಾನಿಗೆ ಇದು ನೀರು ಹಿಡಿಯದ, ಸಾರ ಕಡಿಮೆಯಿರುವ ನೆಲ. ಅಂತರ್ಜಲ ಲೆಕ್ಕ ಹಾಕುವವರಿಗೆ ಮಳೆ ಒಳಗಿಳಿಯುವ ಬಾಗಿಲು. ಕಂದಾಯ ದಾಖಲೆಯಲ್ಲಿ ಅದು ಖುಷ್ಕಿ, ಅಷ್ಟೇ. ಬೆಂಗಳೂರಿನಲ್ಲಿ ಮನೆ ಕಟ್ಟಿಸುವ ಕಂಟ್ರಾಕ್ಟರಿಗೆ ಅದೊಂದು ಲೋಡು. ಇವರೆಲ್ಲರ ಮಾತನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ನನಗೆ ಕಾಣುವುದು ಒಂದೇ ವಿಷಯ. ಇಲ್ಲಿ ಮರಳಿಗೂ ಗರಸಿಗೂ ಬರವಿಲ್ಲ. ಈ ನೆಲದ ಬೆಲೆಯೆಲ್ಲ ಅವುಗಳ ನಡುವೆ ಅಂಟಿಕೊಂಡಿರುವ ಅಷ್ಟಿಷ್ಟು ಜೇಡಿಯಲ್ಲಿದೆ. ಕೋಲಾರದ ಹಳೆಯ ಬೇಸಾಯ ಆ ಜೇಡಿಯನ್ನು ಹಿಡಿದಿಟ್ಟುಕೊಳ್ಳುವ ಉಪಾಯಗಳಿಂದಲೇ ನಡೆಯಿತು. ಈಚಿನ ನಲವತ್ತು ವರ್ಷ ನಾವು ಮಾಡಿದ್ದು ಬಹುಪಾಲು ಅದಕ್ಕೆ ವಿರುದ್ಧ.

ಮರಳು, ಗರಸಿನ ಮಣ್ಣು ಎಂದೊಡನೆ ಜಗತ್ತಿನ ಪಠ್ಯಪುಸ್ತಕಗಳು ಮೊದಲು ತೋರಿಸುವುದು ನಮ್ಮ ಕಡೆಯ ಹೊಲಗಳನ್ನಲ್ಲ, ಹಿಮನದಿಗಳ ಮುಂದೆ ಹರಡಿದ ಬಯಲುಗಳನ್ನು. ಹಿಮಗಡ್ಡೆ ಕರಗಿದಾಗ ಅದರ ಬಾಯಿಂದ ಹೊರಬೀಳುವ ನೀರು ನೂರಾರು ಕವಲಾಗಿ ಹರಿಯುತ್ತದೆ. ಭಾರದ ಕಲ್ಲನ್ನು ಹತ್ತಿರದಲ್ಲೇ ಬಿಡುತ್ತದೆ, ಮರಳನ್ನು ಸ್ವಲ್ಪ ಮುಂದಕ್ಕೆ ಒಯ್ಯುತ್ತದೆ, ನುಣುಪಾದ ರೇವೆ ಮತ್ತು ಜೇಡಿಯನ್ನು ದೂರದ ಸರೋವರಕ್ಕೋ ಕಡಲಿಗೋ ಸಾಗಿಸಿಬಿಡುತ್ತದೆ. ಉಳಿಯುವುದು ಪದರ ಪದರವಾಗಿ ವಿಂಗಡಿಸಿದ ಮರಳು, ಗರಸು. ಐಸ್‌ಲ್ಯಾಂಡಿನ ದಕ್ಷಿಣ ಕರಾವಳಿಯಲ್ಲಿ ಈ ಕೆಲಸ ಇವತ್ತಿಗೂ ನಡೆಯುತ್ತಿದೆ. ಅಮೆರಿಕದ ವಿಸ್ಕಾನ್ಸಿನ್, ಮಿಶಿಗನ್ ರಾಜ್ಯಗಳಲ್ಲಿ, ಜರ್ಮನಿಯ ಉತ್ತರ ಭಾಗದಲ್ಲಿ ಕಳೆದ ಹಿಮಯುಗ ಬಿಟ್ಟುಹೋದ ಇಂಥ ಬಯಲುಗಳ ಮೇಲೆ ಜನ ಬೇಸಾಯ ಮಾಡುತ್ತಿದ್ದಾರೆ.

ನಮ್ಮ ದೇಶದಲ್ಲೂ ಬಹಳ ಹಿಂದೆ ಹಿಮನದಿಗಳಿದ್ದವು. ಒಡಿಶಾದ ತಾಲಚೇರ್ ಕಲ್ಲಿದ್ದಲು ಪ್ರದೇಶದ ಉರುಟು ಬಂಡೆಗಳ ಪದರ ಹಿಮದ ಕೆಲಸವೆಂದು 1856ರಲ್ಲಿಯೇ ಭೂಸರ್ವೇಕ್ಷಣೆಯವರು ಬರೆದರು. ಸುಮಾರು ಮೂವತ್ತು ಕೋಟಿ ವರ್ಷಗಳ ಹಿಂದೆ ಈ ಭೂಭಾಗ ಗೊಂಡ್ವಾನದೊಳಗೆ ದಕ್ಷಿಣ ಧ್ರುವದ ಕಡೆಗಿದ್ದಾಗಿನ ಕಥೆ ಅದು. ಈಚಿನ ಹಿಮಯುಗದ ಗುರುತುಗಳು ಬೇಕಾದರೆ ಲಡಾಖ್, ಕಾಶ್ಮೀರಕ್ಕೆ ಹೋಗಬೇಕು. ದಖ್ಖನ್ನಿನ ಮೇಲೆ ಆಗ ಹಿಮನದಿಯಿರಲಿಲ್ಲ. ಹಾಗಾಗಿ ಕೋಲಾರದ ಮರಳು ಮಣ್ಣಿಗೆ ಹಿಮದ ಹಂಗಿಲ್ಲ. ಆದರೂ ಎರಡನ್ನೂ ಹೋಲಿಸಿ ನೋಡುವುದರಿಂದ ಲಾಭವಿದೆ. ಬೊಗಸೆಗೆ ತೆಗೆದುಕೊಂಡರೆ ಎರಡೂ ಒರಟು, ಎರಡೂ ಬೆರಳ ಸಂದಿಯಿಂದ ಜಾರುವಂಥವು. ಹುಟ್ಟಿದ ಬಗೆ ಬೇರೆಯಾದ್ದರಿಂದ ನಡತೆ ಬೇರೆ.

ಕೋಲಾರದ ತಳದಲ್ಲಿರುವುದು ನೈಸ್ ಮತ್ತು ಗ್ರಾನೈಟ್, ವಯಸ್ಸು 250 ಕೋಟಿ ವರ್ಷಕ್ಕೂ ಮೇಲೆ. ಅಂತರಗಂಗೆ ಬೆಟ್ಟದ ದುಂಡು ಬಂಡೆಗಳು, ಆವಣಿ, ಕುರುಡುಮಲೆ, ಮುಳಬಾಗಿಲಿನ ಬೋಳು ಗುಡ್ಡಗಳು ಎಲ್ಲ ಇದೇ ಕುಲದವು. ಈ ಕಲ್ಲಿನಲ್ಲಿ ಮುಖ್ಯವಾಗಿ ಮೂರು ಖನಿಜಗಳು: ಬೆಣಚು, ಫೆಲ್ಡ್‌ಸ್ಪಾರ್, ಅಭ್ರಕ. ಮಳೆನೀರು ಬಿರುಕಿನೊಳಗೆ ಇಳಿದಾಗ ಕಪ್ಪು ಅಭ್ರಕ ಉಬ್ಬಿ ಸುತ್ತಲಿನ ಕಣಗಳನ್ನು ಸಡಿಲ ಮಾಡುತ್ತದೆ. ಫೆಲ್ಡ್‌ಸ್ಪಾರ್ ನಿಧಾನವಾಗಿ ಕೊಳೆತು ಕೆಯೊಲಿನೈಟ್ ಎಂಬ ಜೇಡಿಯಾಗುತ್ತದೆ. ಬೆಣಚಿಗೆ ಏನೂ ಆಗುವುದಿಲ್ಲ, ಅದು ಮರಳಾಗಿ ಉಳಿಯುತ್ತದೆ; ಬಂಡೆಯೊಳಗೆ ಬೆಣಚಿನ ಪಟ್ಟೆಗಳಿದ್ದ ಕಡೆ ಗರಸಾಗಿ ಉಳಿಯುತ್ತದೆ. ಅಭ್ರಕದಿಂದ ಬಿಡುಗಡೆಯಾದ ಕಬ್ಬಿಣ ತುಕ್ಕು ಹಿಡಿದು ಎಲ್ಲಕ್ಕೂ ಕೆಂಪು ಬಳಿಯುತ್ತದೆ. ನೀರು ಹೊತ್ತು ತಂದ ಮರಳಲ್ಲ ಇದು, ಹುಟ್ಟಿದ ಜಾಗದಲ್ಲೇ ಕೂತ ಮರಳು. ಕಾಳನ್ನು ಬೆರಳಲ್ಲಿ ಒರಸಿದರೆ ಮೂಲೆಗಳು ಚುಚ್ಚುತ್ತವೆ. ಹಿಮನದಿ ಬಯಲಿನ ಮರಳು ನೀರಿನಲ್ಲಿ ಉರುಳಿ ಉರುಳಿ ಮೂಲೆ ಸವೆಸಿಕೊಂಡಿರುತ್ತದೆ.

ಇನ್ನೊಂದು ವ್ಯತ್ಯಾಸ ಬೇಸಾಯಕ್ಕೆ ಹತ್ತಿರದ್ದು. ಹಿಮನದಿ ಬಯಲಿನ ಮಣ್ಣಿಗೆ ಹತ್ತೋ ಹದಿನೈದೋ ಸಾವಿರ ವರ್ಷದ ವಯಸ್ಸು. ಅದರಲ್ಲಿ ಇನ್ನೂ ಕೊಳೆಯದ ಖನಿಜಗಳಿದ್ದು ಅವು ಮೆಲ್ಲಗೆ ಪೊಟ್ಯಾಷ್, ಸುಣ್ಣ ಬಿಟ್ಟುಕೊಡುತ್ತವೆ. ನಮ್ಮ ಮಣ್ಣು ಲಕ್ಷಾಂತರ ವರ್ಷ ಬಿಸಿಲು ಮಳೆಯಲ್ಲಿ ಬೆಂದದ್ದು, ಕೊಡಬೇಕಾದ್ದನ್ನು ಬಹುಪಾಲು ಕೊಟ್ಟು ಮುಗಿಸಿದೆ. ಉಳಿದಿರುವ ಕೆಯೊಲಿನೈಟ್ ಜೇಡಿಗೆ ಪೋಷಕಾಂಶ ಹಿಡಿದುಕೊಳ್ಳುವ ಶಕ್ತಿ ಕಡಿಮೆ, ಎರೆ ಮಣ್ಣಿನ ಜೇಡಿಯ ಮುಂದೆ ಅದು ಏನೂ ಅಲ್ಲ. ಆದರೆ ಅದು ಎರೆಯಂತೆ ಬಿರಿಯುವುದಿಲ್ಲ, ಉಬ್ಬುವುದಿಲ್ಲ, ಮಳೆ ನಿಂತ ಮಾರನೇ ದಿನವೇ ಹೊಲಕ್ಕೆ ನೇಗಿಲು ಹೂಡಬಹುದು. ಈ ಒಂದು ಗುಣಕ್ಕಾಗಿ ಕೆಂಪು ಹೊಲದ ರೈತ ಎರೆ ಹೊಲದವನ ಮುಂದೆ ತಲೆ ತಗ್ಗಿಸಬೇಕಾಗಿಲ್ಲ.

ಮಣ್ಣು ವಿಜ್ಞಾನ ಈ ಕೆಂಪು ಮಣ್ಣುಗಳನ್ನು ಬಹುಮಟ್ಟಿಗೆ ಆಲ್ಫಿಸಾಲ್ ಎಂಬ ಗಣಕ್ಕೆ ಸೇರಿಸುತ್ತದೆ. ಮೇಲ್ಪದರದ ಜೇಡಿ ಮಳೆನೀರಿನ ಜೊತೆ ಕೆಳಗಿಳಿದು ಎರಡನೇ ಪದರದಲ್ಲಿ ಶೇಖರವಾಗಿರುವುದು ಇದರ ಲಕ್ಷಣ. ಮೇಲೆ ಮರಳು, ಕೆಳಗೆ ಜಿಗುಟು ಎಂದು ಹೆದ್ದಾರಿಯ ಸೀಳಿನಲ್ಲಿ ಕಂಡದ್ದು ಇದೇ. ನಡುವಿನ ಬೆಣಚಿನ ಸಾಲಿಗೆ ಎರಡು ಬಗೆಯ ವಿವರಣೆಯಿದೆ. ಇಳಿಜಾರಿನಲ್ಲಿ ಮಣ್ಣು ತೆವಳುವಾಗ ಕಲ್ಲುಗಳು ಒಂದು ಮಟ್ಟದಲ್ಲಿ ಕೂತವು ಎಂದು ಕೆಲವರು. ಗೆದ್ದಲು ಸಣ್ಣ ಕಣಗಳನ್ನಷ್ಟೇ ಮೇಲಕ್ಕೆ ಹೊತ್ತು ತಂದು ಹುತ್ತ ಕಟ್ಟುತ್ತದೆ, ಹೊರಲಾರದ ಕಲ್ಲು ಕೆಳಗೆ ಉಳಿಯುತ್ತದೆ ಎಂದು ಇನ್ನು ಕೆಲವರು. ಎರಡೂ ನಡೆದಿರಬಹುದು. ಹುತ್ತದ ಮಣ್ಣು ಎಷ್ಟು ನುಣುಪು, ಒಣಗಿದರೆ ಎಷ್ಟು ಗಟ್ಟಿ ಎಂಬುದನ್ನು ಕಣ ಸಾರಿಸಿದವರಿಗೆ ಹೇಳಬೇಕಾಗಿಲ್ಲ. ನನಗೆ ಗೆದ್ದಲಿನ ವಾದವೇ ಹೆಚ್ಚು ಹಿಡಿಸುತ್ತದೆ.

ಇಡೀ ಜಿಲ್ಲೆಗೆ ಒಂದೇ ಮಣ್ಣು ಎಂದು ಮಾತ್ರ ತಿಳಿಯಬಾರದು. ಕೆಜಿಎಫ್ ಮೂಲಕ ಉತ್ತರ ದಕ್ಷಿಣವಾಗಿ ಸುಮಾರು 80 ಕಿಲೋಮೀಟರ್ ಉದ್ದಕ್ಕೆ ಹಾದುಹೋಗುವ ಪದರಗಲ್ಲಿನ ಪಟ್ಟಿ, ಅಂದರೆ ಚಿನ್ನ ಕೊಟ್ಟ ಪಟ್ಟಿ, ಬೇರೆ ಜಾತಿಯ ಕಲ್ಲು. ಅದು ಕೊಳೆತ ಕಡೆ ಮಣ್ಣು ಇನ್ನೂ ಕಡುಗೆಂಪು, ಜೇಡಿಯೂ ಹೆಚ್ಚು. ಮಾಲೂರಿನ ಕಡೆ ಕೆಲವು ಎತ್ತರಗಳ ಮೇಲೆ ಜಂಬಿಟ್ಟಿಗೆಯ ತೇಪೆಗಳಿವೆ. ಆದರೆ ಇವಕ್ಕಿಂತ ಮುಖ್ಯವಾದ ವ್ಯತ್ಯಾಸ ಒಂದೇ ಊರಿನ ಒಳಗಿದೆ. ಗುಡ್ಡದ ಬುಡದಲ್ಲಿ ಮೊಳದಾಳಕ್ಕೆ ಕಲ್ಲು ಸಿಗುವ ಗರಸು ನೆಲ. ಅದರ ಕೆಳಗೆ ರಾಗಿ ಬೆಳೆಯುವ ಮರಳು ಮಿಶ್ರಿತ ಕೆಂಪು ಹೊಲ. ತಗ್ಗಿಗೆ ಬಂದಂತೆ ಮಣ್ಣು ಆಳವಾಗಿ, ಬಣ್ಣ ಕಂದಾಗಿ, ಕೊನೆಗೆ ಕೆರೆ ಅಚ್ಚುಕಟ್ಟಿನ ಗದ್ದೆಯಲ್ಲಿ ಬೂದು ಬಣ್ಣದ ಜೇಡಿಯಾಗುತ್ತದೆ. ದಿಣ್ಣೆ ಕಳೆದುಕೊಂಡದ್ದನ್ನೇ ತಗ್ಗು ಪಡೆದಿದೆ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ರೈತರ ಬಾಯಿಂದ ಕೇಳಿ ಬರೆದುಕೊಂಡ ವಿಂಗಡಣೆಯಲ್ಲಿ ಎರೆ, ಕೆಬ್ಬೆ, ಮರಳು ಎಂಬ ಹೆಸರುಗಳಿವೆ. ಈ ಇಳಿಜಾರಿನ ಸರಪಳಿಯನ್ನು ರೈತರು ಪ್ರಯೋಗಾಲಯಗಳಿಗಿಂತ ಎಷ್ಟೋ ಮೊದಲು ಗುರುತಿಸಿದ್ದರು.

ಈಗ ನೀರಿನ ಲೆಕ್ಕಕ್ಕೆ ಬರೋಣ. ಮರಳು ಮಿಶ್ರಿತ ಗೋಡು ಮಣ್ಣು ಒಂದು ಮೀಟರ್ ಆಳದಲ್ಲಿ ಬೆಳೆಗೆ ಸಿಗುವಂಥ ನೀರನ್ನು ಹಿಡಿಯುವುದು ಅಂದಾಜು ಎಂಟರಿಂದ ಹತ್ತು ಸೆಂಟಿಮೀಟರ್. ದಿಣ್ಣೆ ಹೊಲದಲ್ಲಿ ಆಳ ಅರ್ಧ ಮೀಟರ್ ಎಂದುಕೊಂಡರೆ ಅದು ನಾಲ್ಕೂವರೆಗೆ ಇಳಿಯಿತು. ಮಣ್ಣಿನ ಮೂರನೇ ಒಂದು ಪಾಲು ಗರಸಾದರೆ, ಗರಸು ನೀರು ಹಿಡಿಯದಾದ್ದರಿಂದ, ಉಳಿಯುವುದು ಮೂರು ಸೆಂಟಿಮೀಟರ್. ತೆನೆ ಬಿಡುವ ಹೊತ್ತಿನ ರಾಗಿ ದಿನಕ್ಕೆ ನಾಲ್ಕೈದು ಮಿಲಿಮೀಟರ್ ಕುಡಿಯುತ್ತದೆ. ಅಂದರೆ ಹೊಲ ತುಂಬ ನೆನೆದ ಮಳೆಯ ಮೇಲೂ ವಾರ ಕಳೆಯುವುದರೊಳಗೆ ಎಲೆ ಸುರುಳಿ ಸುತ್ತಲು ಶುರುವಾಗುತ್ತದೆ. ವರ್ಷಕ್ಕೆ 700ರಿಂದ 750 ಮಿಲಿಮೀಟರ್ ಮಳೆ ಬೀಳುವ, ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಸುರಿಯುವ ಜಿಲ್ಲೆಯಲ್ಲಿ ಜುಲೈ ಆಗಸ್ಟಿನ ಒಂದೊಂದು ವಾರವೂ ಜೂಜು. ಮಳೆ ಒಟ್ಟು ಎಷ್ಟು ಬಿತ್ತು ಎಂಬ ಪತ್ರಿಕೆಯ ಅಂಕಿ ಈ ನೆಲಕ್ಕೆ ಅರ್ಧ ಸತ್ಯ ಮಾತ್ರ. ಎಷ್ಟು ದಿನಕ್ಕೊಮ್ಮೆ ಬಿತ್ತು ಎಂಬುದೇ ಇಲ್ಲಿ ಬೆಳೆ ತೀರ್ಮಾನಿಸುತ್ತದೆ.

ಮರಳು ನೆಲವಾದ್ದರಿಂದ ಬಿದ್ದ ಮಳೆಯೆಲ್ಲ ಒಳಗೆ ಇಂಗಬೇಕಲ್ಲವೇ? ಹಿಮನದಿ ಬಯಲಿನಲ್ಲಾದರೆ ಹಾಗೇ ಆಗುತ್ತದೆ. ಇಲ್ಲಿ ಒಂದು ತೊಡಕಿದೆ. ಬರಿಗೆಂಪು ನೆಲದ ಮೇಲೆ ಬಿರುಸು ಮಳೆ ಬಡಿದಾಗ ಆ ಅಲ್ಪ ಜೇಡಿ ಕದಡಿ ಮರಳಿನ ಸಂದುಗಳಲ್ಲಿ ಕೂರುತ್ತದೆ. ಬಿಸಿಲು ಬಂದೊಡನೆ ತೆಳುವಾದ ಹೆಪ್ಪಾಗಿ ಗಟ್ಟಿಯಾಗುತ್ತದೆ. ಬಿತ್ತಿದ ರಾಗಿಯ ಮೊಳಕೆ ಆ ಹೆಪ್ಪನ್ನು ಒಡೆದು ಬರಲಾರದೆ ಒಳಗೇ ಸಾಯುವುದುಂಟು. ಮುಂದಿನ ಮಳೆ ಇಂಗದೆ ಹರಿದು ಹೋಗುತ್ತದೆ, ಹೋಗುವಾಗ ಜೇಡಿಯನ್ನೇ ಎತ್ತಿಕೊಂಡು ಹೋಗುತ್ತದೆ. ವರ್ಷದಿಂದ ವರ್ಷಕ್ಕೆ ಹೊಲದಲ್ಲಿ ಕಲ್ಲು ಬೆಳೆಯುತ್ತಿದೆ ಎಂದು ಹಳ್ಳಿಗಳಲ್ಲಿ ತಮಾಷೆ ಮಾಡುತ್ತಾರೆ. ಕಲ್ಲು ಬೆಳೆಯುವುದಿಲ್ಲ, ಮಣ್ಣು ಕರಗುತ್ತಿದೆ.

ಇದಕ್ಕೆ ಕೋಲಾರದವರು ಕಂಡುಕೊಂಡ ಉತ್ತರ ಕೆರೆ. ಜಿಲ್ಲೆಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಕೆರೆಗಳಿವೆ. ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲದ, ಪಾಲಾರ್ ಎಂಬುದು ವರ್ಷದ ಬಹುಕಾಲ ಮರಳ ದಾರಿಯಾಗಿರುವ ಸೀಮೆಯಲ್ಲಿ ಕೆರೆಗಳನ್ನು ನೀರಿನ ತೊಟ್ಟಿಗಳೆಂದಷ್ಟೇ ಭಾವಿಸುವುದು ರೂಢಿ. ನನ್ನ ದೃಷ್ಟಿಯಲ್ಲಿ ಅವು ಅಷ್ಟೇ ಮಟ್ಟಿಗೆ ಜೇಡಿಯ ಬ್ಯಾಂಕುಗಳು. ದಿಣ್ಣೆಯಿಂದ ತೊಳೆದುಬಂದ ನುಣುಪು ಮಣ್ಣು ಏರಿಯ ಹಿಂದೆ ಗೋಡಾಗಿ ಕೂರುತ್ತಿತ್ತು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಗಾಡಿ ಕಟ್ಟಿ ಆ ಗೋಡನ್ನು ಮತ್ತೆ ದಿಣ್ಣೆಗೆ ಹೊಡೆಯುತ್ತಿದ್ದರು. ಅದರ ಜೊತೆ ತಿಪ್ಪೆಗೊಬ್ಬರ, ಕುರಿ ಮಂದೆ ನಿಲ್ಲಿಸುವುದು. ಇಳಿಜಾರಿನಲ್ಲಿ ಕೆಳಗೆ ಹೋದದ್ದನ್ನು ಎತ್ತಿನ ಬೆನ್ನ ಮೇಲೆ ವಾಪಸು ತರುವ ಈ ಪದ್ಧತಿ ನಿಂತದ್ದು ಎತ್ತು ಕಡಿಮೆಯಾದಾಗ, ಚೀಲದ ಗೊಬ್ಬರ ಬಂದಾಗ, ಮತ್ತು ಕೆರೆಯ ಉಸ್ತುವಾರಿ ಊರಿನ ಕೈಯಿಂದ ಇಲಾಖೆಗಳಿಗೆ ಹೋದಾಗ. ಆಮೇಲೆ ಜಲಸಂವರ್ಧನೆ ಯೋಜನಾ ಸಂಘದ ಮೂಲಕ, ಸುಜಲ ಜಲಾನಯನ ಯೋಜನೆಯ ಮೂಲಕ ವಿಶ್ವಬ್ಯಾಂಕಿನ ನೆರವು ಈ ಜಿಲ್ಲೆಗೂ ಬಂತು, ಕೆಲವು ಕೆರೆಗಳ ಹೂಳೆತ್ತಿದರು, ಬದು ಹಾಕಿದರು. ಹೂಳೆತ್ತುವುದು ಒಂದು ಸಲದ ಕಾಮಗಾರಿ; ಗೋಡು ಹೊಡೆಯುವುದು ವರ್ಷ ವರ್ಷದ ಬೇಸಾಯವಾಗಿತ್ತು.

ಬೆಳೆಯ ಆಯ್ಕೆಯಲ್ಲೂ ಈ ತಿಳಿವಳಿಕೆಯಿತ್ತು. ರಾಗಿ ಬೇರು ಮೇಲ್ಪದರದಲ್ಲಿ ದಟ್ಟವಾಗಿ ಹರಡಿ ಸಿಕ್ಕ ತೇವವನ್ನು ಬಾಚಿಕೊಳ್ಳುತ್ತದೆ. ನಡುವೆ ಒಣಗಿದರೂ ಮಳೆ ಬಂದರೆ ಮತ್ತೆ ತಲೆ ಎತ್ತುತ್ತದೆ. ಅದರ ಸಾಲಿನ ನಡುವೆ ಅಕ್ಕಡಿಯಾಗಿ ಅವರೆ, ತೊಗರಿ, ಹುಚ್ಚೆಳ್ಳು. ತೊಗರಿಯ ತಾಯಿಬೇರು ಬೆಣಚಿನ ಸಾಲನ್ನೂ ದಾಟಿ ಕೆಳಗಿನ ಜಿಗುಟು ಪದರಕ್ಕೆ ಇಳಿಯುತ್ತದೆ, ರಾಗಿಗೆ ಎಟುಕದ ನೀರನ್ನು ಅದು ಕುಡಿಯುತ್ತದೆ. ತೀರಾ ಗರಸಿನ ಜಾಗಕ್ಕೆ ಹುರುಳಿ. ಸಡಿಲ ಮರಳಿದ್ದ ಕಡೆ ಕಡಲೆಕಾಯಿ, ಏಕೆಂದರೆ ಹೂವಿನಿಂದ ಇಳಿಯುವ ಊಡು ನೆಲಕ್ಕೆ ಹೊಕ್ಕಬೇಕು, ಕಿತ್ತಾಗ ಕಾಯಿ ಮಣ್ಣಲ್ಲಿ ಉಳಿಯಬಾರದು. ಶ್ರೀನಿವಾಸಪುರದ ಮಾವು ಇನ್ನೊಂದು ಪಾಠ. ಮೇಲೆ ಮಣ್ಣು ತೆಳುವಾಗಿದ್ದರೂ ಕೆಳಗಿನ ಶಿಥಿಲ ಶಿಲೆ ಸಡಿಲವಾಗಿದ್ದರೆ ಮಾವಿನ ಬೇರು ಅದರೊಳಗೆ ದಾರಿ ಮಾಡಿಕೊಳ್ಳುತ್ತದೆ. ತೋತಾಪುರಿ, ಬಾದಾಮಿ, ಬೇನಿಷಾ ತೋಪುಗಳು ಬೋರು ಬತ್ತಿದ ಹಳ್ಳಿಗಳಲ್ಲೂ ಬದುಕಿರುವುದು ಇದರಿಂದಲೇ. ಬೇಸಾಯಕ್ಕೆ ಲಾಯಕ್ಕಲ್ಲ ಎಂದು ಬರೆದಿಟ್ಟ ಜಮೀನಿನಲ್ಲಿ ನಿಜವಾಗಿ ಅಡ್ಡಿಯಾಗುವುದು ಗರಸಲ್ಲ, ಗರಸಿನ ಕೆಳಗೆ ಗಟ್ಟಿ ಬಂಡೆಯಿದೆಯೋ ಕೊಳೆತ ಬಂಡೆಯಿದೆಯೋ ಎಂಬ ಪ್ರಶ್ನೆ.

ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಒಣ ಬೇಸಾಯ ಕೇಂದ್ರದಲ್ಲಿ ಇಂಥದೇ ಕೆಂಪು ಮಣ್ಣಿನ ಮೇಲೆ 1978ರಿಂದ ರಾಗಿಯ ಶಾಶ್ವತ ಗೊಬ್ಬರ ಪ್ರಯೋಗ ನಡೆಯುತ್ತಿದೆ. ಒಂದೇ ತಾಕಿಗೆ ವರ್ಷಾನುಗಟ್ಟಲೆ ಒಂದೇ ಬಗೆಯ ಗೊಬ್ಬರ ಹಾಕಿ ಏನಾಗುತ್ತದೆಂದು ನೋಡುವ ತಾಳ್ಮೆಯ ಕೆಲಸ. ಅದರ ಸಾರ ಇಷ್ಟು: ರಾಸಾಯನಿಕ ಗೊಬ್ಬರವೊಂದನ್ನೇ ನಂಬಿದ ತಾಕುಗಳು ಕಾಲ ಕಳೆದಂತೆ ಸೊರಗುತ್ತವೆ, ಕೊಟ್ಟಿಗೆ ಗೊಬ್ಬರ ಮತ್ತು ಶಿಫಾರಸಿನ ರಸಗೊಬ್ಬರ ಎರಡೂ ಬಿದ್ದ ತಾಕುಗಳು ಇಳುವರಿಯನ್ನು ಸ್ಥಿರವಾಗಿ ಕಾಯ್ದುಕೊಳ್ಳುತ್ತವೆ. ಜೇಡಿ ಕಡಿಮೆಯಿರುವ ನೆಲದಲ್ಲಿ ಜೇಡಿ ಮಾಡಬೇಕಾದ ಕೆಲಸವನ್ನು ಸಾವಯವ ಅಂಶ ಮಾಡುತ್ತದೆ. ತಿಪ್ಪೆಯ ಬೆಲೆ ಗೊತ್ತಿದ್ದವರಿಗೆ ಇದು ಹೊಸ ಸುದ್ದಿಯಲ್ಲ. ಆದರೂ ಅಂಕಿಗಳಲ್ಲಿ ಬಂದ ಸುದ್ದಿಗೆ ಇಲಾಖೆಯ ಕಡತದಲ್ಲಿ ಬೇರೆಯೇ ತೂಕವಿದೆ.

ಎಂಬತ್ತರ ದಶಕದಲ್ಲಿ ಇದೇ ರಾಗಿ ಹೊಲಗಳಿಗೆ ನೀಲಗಿರಿ ಬಂತು. ಸಾಮಾಜಿಕ ಅರಣ್ಯದ ಹೆಸರು, ಕಾಗದ ಮತ್ತು ರೇಯಾನ್ ಕಾರ್ಖಾನೆಗಳ ಬೇಡಿಕೆ, ಕೂಲಿಯಾಳಿನ ಅಭಾವ ಮೂರೂ ಸೇರಿ ಅವಿಭಜಿತ ಕೋಲಾರ ಜಿಲ್ಲೆ ಆ ಕಾಲದ ದೊಡ್ಡ ವಾದದ ಕಣವಾಯಿತು. ಮರ ನೀರು ಹೀರುತ್ತದೆ ಎಂದು ಒಂದು ಪಕ್ಷ, ಅದೆಲ್ಲ ಭಾವುಕತೆ ಎಂದು ಇನ್ನೊಂದು. ಉತ್ತರ ಬಂದದ್ದು ಮಣ್ಣಿನ ಆಳದಿಂದ. ಬ್ರಿಟನ್ನಿನ ಜಲವಿಜ್ಞಾನಿ ಇಯಾನ್ ಕಾಲ್ಡರ್ ಮತ್ತು ಕರ್ನಾಟಕ ಅರಣ್ಯ ಇಲಾಖೆಯವರು ಸೇರಿ ರಾಜ್ಯದ ಕೆಲವು ಕಡೆ ಅಳೆದು ನೋಡಿದರು. ಮಣ್ಣು ಮೂರು ಮೀಟರಿನಷ್ಟಿದ್ದ ಜಾಗದಲ್ಲಿ ನೀಲಗಿರಿ ಸ್ಥಳೀಯ ಕಾಡಿಗಿಂತ ಹೆಚ್ಚೇನೂ ಕುಡಿಯಲಿಲ್ಲ. ಕೋಲಾರಕ್ಕೆ ತಾಗಿಕೊಂಡಿರುವ ಹೊಸಕೋಟೆಯಲ್ಲಿ, ನೆಲ ಎಂಟು ಮೀಟರಿಗೂ ಆಳಕ್ಕೆ ಸಡಿಲವಾಗಿದ್ದ ಕಡೆ, ಅದು ಬಿದ್ದ ಮಳೆಗಿಂತಲೂ ಹೆಚ್ಚು ನೀರು ಬಳಸಿತ್ತು. 1997ರಲ್ಲಿ ಪ್ರಕಟವಾದ ಈ ಫಲಿತಾಂಶದ ಅರ್ಥ ಸರಳ: ಶಿಥಿಲ ಶಿಲೆಯ ಸಂದುಗಳಲ್ಲಿ ಹಿಂದಿನ ವರ್ಷಗಳು ಕೂಡಿಟ್ಟ ತೇವವನ್ನು ಬೇರು ತೆಗೆದುಕೊಂಡಿತ್ತು. ಎರಡು ಪಕ್ಷಗಳೂ ತಮ್ಮ ತಮ್ಮ ಮಣ್ಣಿನಲ್ಲಿ ಸರಿಯಾಗಿದ್ದವು. 2017ರಲ್ಲಿ ಸರ್ಕಾರ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಆ ಹೊತ್ತಿಗೆ ಮರ ಮಾಡಿದ ಕೆಲಸವನ್ನು ಬೋರ್‌ವೆಲ್ ಇನ್ನೂ ಚುರುಕಾಗಿ ಮುಂದುವರಿಸಿತ್ತು.

ತೆರೆದ ಬಾವಿ ಈ ಮಣ್ಣಿನ ಸಹಜ ಸಂಗಾತಿ. ಮರಳು ಪದರ ಇಂಗಿಸಿದ ನೀರು ಹತ್ತಿಪ್ಪತ್ತು ಮೀಟರ್ ದಪ್ಪದ ಶಿಥಿಲ ಶಿಲೆಯಲ್ಲಿ ನಿಲ್ಲುತ್ತಿತ್ತು, ಕಪಿಲೆಯಲ್ಲೋ ಪಂಪಿನಲ್ಲೋ ಎತ್ತುತ್ತಿದ್ದರು. ಅದು ಬತ್ತಿದ ಮೇಲೆ ಬಂಡೆಯ ಬಿರುಕು ಹುಡುಕಿಕೊಂಡು ಸಾವಿರ ಅಡಿ ದಾಟಿದ್ದಾಯಿತು. ಇಲ್ಲಿ ಹಿಮನದಿ ಬಯಲಿನ ಹೋಲಿಕೆ ಮತ್ತೆ ನೆರವಿಗೆ ಬರುತ್ತದೆ. ವಿಸ್ಕಾನ್ಸಿನ್ನಿನ ಮಧ್ಯಭಾಗದ ಮರಳು ಸೀಮೆಯಲ್ಲೂ ನಮ್ಮ ಮಾಲೂರಿನಂತೆ ಆಲೂಗಡ್ಡೆ ಬೆಳೆಯುತ್ತಾರೆ. ಅಲ್ಲಿ ಮರಳಿನ ಪದರವೇ ಹತ್ತಾರು ಮೀಟರ್ ದಪ್ಪ, ಪೂರ್ತಿ ನೀರು ತುಂಬಿದ್ದು. ಅಷ್ಟಿದ್ದೂ ಪಂಪುಗಳ ಹೊಡೆತಕ್ಕೆ ಲಿಟಲ್ ಪ್ಲೋವರ್ ಎಂಬ ಸಣ್ಣ ನದಿ 2005ರಲ್ಲಿ ಅಲ್ಲಲ್ಲಿ ಒಣಗಿತು. ನಮ್ಮ ಭಂಡಾರ ಅದರ ಮುಂದೆ ಬಹಳ ಚಿಕ್ಕದು. ಕೇಂದ್ರ ಸರ್ಕಾರದ 1997ರ ಅಂತರ್ಜಲ ಅಂದಾಜಿನ ಮಾರ್ಗಸೂಚಿಯಂತೆ ಜೇಡಿ ಕಡಿಮೆಯಿರುವ ಶಿಥಿಲ ಗ್ರಾನೈಟ್ ಸೀಮೆಯಲ್ಲಿ ಮಳೆಯ ಶೇ 11ರಷ್ಟು, ಜೇಡಿ ಹೆಚ್ಚಿದ್ದರೆ ಶೇ 8ರಷ್ಟು ಅಂತರ್ಜಲಕ್ಕೆ ಸೇರುತ್ತದೆ. ಉದಾರವಾಗಿ ಶೇ 11 ಎಂದೇ ಹಿಡಿಯೋಣ: 700 ಮಿಲಿಮೀಟರ್ ಮಳೆಯಲ್ಲಿ 77, ಎಕರೆಗೆ ಸುಮಾರು ಮೂರು ಲಕ್ಷ ಲೀಟರ್. ಡ್ರಿಪ್ಪಿನಲ್ಲಿ ಬೆಳೆದ ಟೊಮೆಟೊ 400 ಮಿಲಿಮೀಟರ್ ನೀರಿನಲ್ಲಿ ಮುಗಿಯಿತೆಂದರೂ ಎಕರೆಗೆ ಹದಿನಾರು ಲಕ್ಷ. ಒಂದು ಎಕರೆ ಟೊಮೆಟೊ ಐದು ಎಕರೆಯ ಇಂಗುವಿಕೆಯನ್ನು ತಿನ್ನುತ್ತದೆ. ದೇಶದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲೊಂದು ಕೋಲಾರದ ಎಪಿಎಂಸಿ ಆವರಣದಲ್ಲಿದೆ ಎಂದು ಹೆಮ್ಮೆ ಪಡುವಾಗ ಉಳಿದ ನಾಲ್ಕು ಎಕರೆ ಯಾರದು ಎಂದೂ ಕೇಳಬೇಕಾಗುತ್ತದೆ. ಆಳದ ನೀರು ಗ್ರಾನೈಟಿನ ಖನಿಜಗಳೊಡನೆ ಹೆಚ್ಚು ಕಾಲ ಕೂತದ್ದು, ಲೀಟರಿಗೆ 1.5 ಮಿಲಿಗ್ರಾಂ ಮಿತಿ ಮೀರಿದ ಫ್ಲೋರೈಡ್ ಮುಳಬಾಗಿಲು, ಶ್ರೀನಿವಾಸಪುರದ ಹಲವು ಹಳ್ಳಿಗಳ ಕುಡಿಯುವ ನೀರಿಗೆ ಸೇರಿದ್ದು ಹೀಗೆ.

ಜೇಡಿಗೆ ಬಿದ್ದ ದೊಡ್ಡ ಏಟು ಮಾತ್ರ ಬೇಸಾಯದಿಂದಲ್ಲ, ಫಿಲ್ಟರ್ ಮರಳಿನಿಂದ. ಬೆಂಗಳೂರು ಬೆಳೆದಾಗ ನದಿ ಮರಳು ಸಾಲದಾಯಿತು. ಪಾಲಾರಿನ ಪಾತ್ರ ಬರಿದಾದ ಮೇಲೆ ಕೆರೆ ಅಂಗಳ, ಗೋಮಾಳ, ಹೊಲಗಳ ಮಣ್ಣನ್ನೇ ಜೆಸಿಬಿಯಲ್ಲಿ ಅಗೆದು, ಗುಂಡಿಗೆ ಸುರಿದು, ಬೋರ್‌ವೆಲ್ ನೀರು ಹಾಯಿಸಿ ಕಲಕುತ್ತಾರೆ. ಜೇಡಿ ಕೆಸರಾಗಿ ಹರಿದುಹೋಗುತ್ತದೆ. ತಳದಲ್ಲಿ ಮರಳು ಉಳಿಯುತ್ತದೆ, ರಾತ್ರೋರಾತ್ರಿ ಲಾರಿ ಹತ್ತುತ್ತದೆ. ನುಣುಪನ್ನು ತೊಳೆದು ಕಳಿಸಿ ಒರಟನ್ನು ಉಳಿಸುವ ಇದೇ ಕೆಲಸವನ್ನು ಹಿಮನದಿಯ ನೀರು ಸಾವಿರಾರು ವರ್ಷ ಮಾಡಿತು. ಪ್ರಕೃತಿ ಕೋಲಾರಕ್ಕೆ ಕೊಡದಿದ್ದ ಹಿಮನದಿ ಬಯಲನ್ನು ನಾವು ಒಂದು ರಾತ್ರಿಯ ಪಾಳಿಯಲ್ಲಿ ಮಾಡಿಕೊಂಡೆವು. ಅಲ್ಲಿ ಕನಿಷ್ಠ ಮರಳಾದರೂ ಜಾಗದಲ್ಲೇ ಉಳಿಯಿತು; ಇಲ್ಲಿ ಅದೂ ಹೋಯಿತು, ಗುಂಡಿ ಉಳಿಯಿತು, ಕೆಸರು ಪಕ್ಕದವನ ಹೊಲಕ್ಕೆ ಹರಡಿ ಹೆಪ್ಪುಗಟ್ಟಿತು. ಬಂಡೆ ಪುಡಿಮಾಡಿದ ಎಂ-ಸ್ಯಾಂಡ್ ಬಂದ ಮೇಲೆ ಒತ್ತಡ ತಗ್ಗಿದೆ. ಆದರೆ ಹೋದ ಜೇಡಿ ಬಂಡೆಯಿಂದ ಮತ್ತೆ ಹುಟ್ಟಲು ಬೇಕಾದ ಕಾಲ ಯಾವ ಇಲಾಖೆಯ ಯೋಜನಾ ಅವಧಿಯಲ್ಲೂ ಹಿಡಿಸುವುದಿಲ್ಲ.

ಇನ್ನು ಮಾಲೂರು. ಅಲ್ಲಿನ ಹೆಂಚು, ಇಟ್ಟಿಗೆ ಬೆಂಗಳೂರಿನ ಎಷ್ಟೋ ಮನೆಗಳಲ್ಲಿವೆ. ಆ ಗೂಡುಗಳಿಗೆ ಬೇಕಾದದ್ದು ಮರಳಲ್ಲ, ಕೆರೆ ಅಂಗಳದ ಮತ್ತು ತಗ್ಗು ಗದ್ದೆಯ ಜೇಡಿ. ಸೀಮೆಯ ಒಂದು ಕಡೆ ಜೇಡಿ ಚೆಲ್ಲಿ ಮರಳು ಮಾರಿದರು, ಇನ್ನೊಂದು ಕಡೆ ಜೇಡಿಯನ್ನೇ ಸುಟ್ಟು ಮಾರಿದರು. ಹೆಂಚಿನ ಕೆಲಸ ನ್ಯಾಯವಾದ ಕಸುಬು, ಫಿಲ್ಟರ್ ದಂಧೆಯ ಜೊತೆ ಅದನ್ನು ಒಂದೇ ತಕ್ಕಡಿಯಲ್ಲಿ ಇಡುವುದು ಸರಿಯಲ್ಲ. ಆದರೆ ದಿಣ್ಣೆಗೆ ವಾಪಸಾಗಬೇಕಿದ್ದ ಗೋಡು ಗೂಡಿಗೆ ಹೋದರೆ ಸರಪಳಿ ಕಡಿಯುವುದಂತೂ ನಿಜ. ಮರಳಿನ ಮಾತು ಬಂದಾಗ ಕೆಜಿಎಫ್ಫಿನ ಸೈನೈಡ್ ದಿಬ್ಬಗಳನ್ನೂ ನೆನೆಯಬೇಕು. 2001ರ ಫೆಬ್ರವರಿ 28ರಂದು ಮುಚ್ಚಿದ ಗಣಿಗಳು ಬಿಟ್ಟುಹೋದ ಮೂರು ಕೋಟಿ ಟನ್ನಿಗೂ ಮೀರಿದ ಪುಡಿಗಲ್ಲು ಅದು. ಗಾಳಿಗೆ ಊರ ಮೇಲೆ ಹಾರಿ ಬರುವ ಅದರಲ್ಲಿ ಗಿಡ ಹಿಡಿಸುವುದೇ ಸಾಹಸ.

ಕೆ.ಸಿ. ವ್ಯಾಲಿ ಯೋಜನೆಯನ್ನು ಈ ಮಣ್ಣಿನ ಮೇಲಿಟ್ಟು ನೋಡಿದವರು ಕಡಿಮೆ. ಬೆಂಗಳೂರಿನ ಕೋರಮಂಗಲ ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡನೇ ಹಂತದವರೆಗೆ ಶುದ್ಧಗೊಳಿಸಿ ದಿನಕ್ಕೆ 440 ದಶಲಕ್ಷ ಲೀಟರಿನಂತೆ 126 ಕೆರೆಗಳಿಗೆ ತುಂಬಿಸುವ ಯೋಜನೆ. 2018ರ ಜೂನಿನಲ್ಲಿ ಮೊದಲ ನೀರು ಲಕ್ಷ್ಮೀಸಾಗರ ಕೆರೆಗೆ ಬಂತು. ವಾದ ಹೈಕೋರ್ಟು, ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಕೆರೆ ತುಂಬಿದ ಕಡೆ ಸುತ್ತಲಿನ ಬಾವಿ, ಬೋರುಗಳಲ್ಲಿ ನೀರು ಏರಿದ್ದನ್ನು ಯಾರೂ ಅಲ್ಲಗಳೆಯಲಾರರು. ಮರಳು ನೆಲದ ಕೆರೆಯಿಂದ ಅದನ್ನೇ ನಿರೀಕ್ಷಿಸಬೇಕು. ಮೂರನೇ ಹಂತದ ಶುದ್ಧೀಕರಣ ಬೇಕೆಂಬ ಬೇಡಿಕೆಗೂ ಅದೇ ಮಣ್ಣು ಆಧಾರ. ಮರಳು ಕೆಸರನ್ನು ಸೋಸುತ್ತದೆ. ಕರಗಿದ ನೈಟ್ರೇಟನ್ನು ಸೋಸುವುದಿಲ್ಲ. ಭಾರದ ಲೋಹಗಳನ್ನು ಹಿಡಿಯುವುದು ಜೇಡಿ ಮತ್ತು ಸಾವಯವ ಅಂಶ, ಅವೆರಡೂ ಇಲ್ಲಿ ತೆಳು, ಫಿಲ್ಟರ್ ಗುಂಡಿ ಬಿದ್ದ ಕೆರೆ ಅಂಗಳದಲ್ಲಿ ಇಲ್ಲವೇ ಇಲ್ಲ. ಬೇಗ ಇಂಗುವ ನೆಲಕ್ಕೆ ಬಿಡುವ ನೀರು ಹೆಚ್ಚು ಶುದ್ಧವಾಗಿರಬೇಕು ಎಂಬುದು ರಾಜಕೀಯದ ಮಾತಲ್ಲ, ಈ ಮಣ್ಣಿನ ಗುಣ ಕೇಳುವ ಷರತ್ತು.

ಕೊನೆಗೆ ಒಂದು ಸಣ್ಣ ಆದರೆ ಎಲ್ಲರ ಕೈಗೆ ಬಂದಿರುವ ಕಾಗದದ ವಿಷಯ. 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಚೀಟಿಯಲ್ಲಿ ಹನ್ನೆರಡು ಅಂಶಗಳಿವೆ: ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಲಘು ಪೋಷಕಾಂಶಗಳು, ರಸಸಾರ, ಲವಣಾಂಶ, ಸಾವಯವ ಇಂಗಾಲ. ಮಣ್ಣಿನ ಆಳ ಇಲ್ಲ, ಗರಸು ಇಲ್ಲ, ಜೇಡಿ ಎಷ್ಟೆಂಬುದೂ ಇಲ್ಲ. ಗರಸು ಇರಲು ಸಾಧ್ಯವೂ ಇಲ್ಲ, ಏಕೆಂದರೆ ಪ್ರಯೋಗಾಲಯದಲ್ಲಿ ಮೊದಲ ಕೆಲಸ ಮಣ್ಣನ್ನು ಎರಡು ಮಿಲಿಮೀಟರ್ ಕಣ್ಣಿನ ಜರಡಿಯಲ್ಲಿ ಹಿಡಿದು ಮೇಲೆ ಉಳಿದದ್ದನ್ನು ಎಸೆಯುವುದು. ನಂತರ ಫಲಿತಾಂಶವನ್ನು ಹೆಕ್ಟೇರಿಗೆ ಇಷ್ಟು ಕಿಲೋ ಎಂದು ಬರೆಯುವಾಗ ಮೇಲಿನ ಹದಿನೈದು ಸೆಂಟಿಮೀಟರಿನಲ್ಲಿ 22.4 ಲಕ್ಷ ಕಿಲೋ ಮಣ್ಣಿದೆ ಎಂದು ಹಿಡಿಯುತ್ತಾರೆ. ತೂಕದ ಮೂರನೇ ಒಂದು ಪಾಲು ಗರಸಾಗಿರುವ ಹುತ್ತೂರಿನ ದಿಣ್ಣೆ ಹೊಲದಲ್ಲಿ ನಿಜವಾದ ಮಣ್ಣು ಹದಿನೈದು ಲಕ್ಷ ಕಿಲೋ ಮಾತ್ರ. ಚೀಟಿ ಮಧ್ಯಮ ಎಂದು ಬರೆದದ್ದು ಹೊಲದಲ್ಲಿ ಕಡಿಮೆ. ನಾಗಪುರ ಮೂಲದ ರಾಷ್ಟ್ರೀಯ ಮಣ್ಣು ಸಮೀಕ್ಷೆ ಸಂಸ್ಥೆಗೆ ಹೆಬ್ಬಾಳದಲ್ಲಿ ಪ್ರಾದೇಶಿಕ ಕೇಂದ್ರವಿದೆ. ಅವರ ಭೂಸಂಪನ್ಮೂಲ ನಕ್ಷೆಗಳಲ್ಲಿ ಆಳ, ಇಳಿಜಾರು, ಸವೆತದ ಜೊತೆ ಗರಸಿಗೂ ದರ್ಜೆಯುಂಟು: ಶೇ 15ರ ಒಳಗೆ, 15ರಿಂದ 35, 35ರಿಂದ 60. ಆ ದರ್ಜೆಯನ್ನು ಸರ್ವೆ ನಂಬರಿನ ಮಟ್ಟದಲ್ಲಿ ಆರೋಗ್ಯ ಚೀಟಿಗೆ ಸೇರಿಸಲು ಹೊಸ ಯಂತ್ರವೇನೂ ಬೇಡ.

ಅಲ್ಲಿಯವರೆಗೆ ರೈತನೇ ಮಾಡಿಕೊಳ್ಳಬಹುದಾದ ಕೆಲಸವಿದೆ. ಹೊಲದ ನಾಲ್ಕು ಕಡೆಯಿಂದ ಗೇಣಾಳದ ಮಣ್ಣು ತೆಗೆದು ಒಣಗಿಸಿ ತೂಗಿ, ಜರಡಿ ಹಿಡಿದು ಮೇಲೆ ಉಳಿದ ಕಲ್ಲನ್ನು ಮತ್ತೆ ತೂಗಿದರೆ ಸಾಕು. ಕಲ್ಲು ಕಾಲು ಪಾಲು ದಾಟಿದರೆ ಯೂರಿಯಾವನ್ನು ಒಂದೇ ಸಲ ಚೆಲ್ಲದೆ ಮೂರು ಕಂತಿನಲ್ಲಿ ಕೊಡುವುದು, ಡ್ರಿಪ್ಪನ್ನು ಮೂರು ದಿನಕ್ಕೊಮ್ಮೆ ಗಂಟೆಗಟ್ಟಲೆ ಬಿಡುವ ಬದಲು ದಿನಾ ಸ್ವಲ್ಪ ಹೊತ್ತು ಬಿಡುವುದು, ಊರ ಕೆರೆ ಹೂಳೆತ್ತುವಾಗ ಗೋಡಿನ ಮೊದಲ ಟ್ರಾಕ್ಟರ್ ಲೋಡು ಆ ಹೊಲಕ್ಕೇ ಬೀಳುವಂತೆ ನೋಡಿಕೊಳ್ಳುವುದು. ಗೋಡಿನಲ್ಲಿ ಕೊಳಚೆ ನೀರಿನ ಲೋಹ ಸೇರಿದೆಯೋ ಎಂದು ಕೆ.ಸಿ. ವ್ಯಾಲಿ ಕೆರೆಗಳ ಗೋಡನ್ನು ಮೊದಲು ಪರೀಕ್ಷೆಗೆ ಕಳಿಸಬೇಕಾದದ್ದು ಈಗ ಹೊಸದಾಗಿ ಸೇರಿಕೊಂಡಿರುವ ಖರ್ಚು. ಅದನ್ನು ರೈತನ ಜೇಬಿನಿಂದ ಕೇಳುವುದು ನ್ಯಾಯವಲ್ಲ, ನೀರು ಕಳಿಸಿದವರೇ ಕೊಡಬೇಕು.